ಟಗರಿನ ಸಾಕ್ಷಿಗೊಂದು ಕೇಬಲ್

ಮೊದಲೇ ಕೈಮುಗಿದು ಹೇಳಿಬಿಡುತ್ತೇನೆ, ಇದನ್ನು ನಾನು ಚೆನ್ನಾಗಿ ಹೇಳಲಾರೆ. ನಾನು ಬರೆಯುವವನಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಉಮದಿಯ ಬಸ್ ಸ್ಟ್ಯಾಂಡಿನಿಂದ ಸಂತೆಗೆ ಹೋಗುವ ದಾರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಝೆರಾಕ್ಸು, ಹೊಲದ ಸಾತ್‌ಬಾರಾ ಉತಾರೆ, ಅಂದರೆ ಪಹಣಿ, ತೆಗೆಯುವುದು, ಸಾಲಿ ಮಕ್ಕಳ ಫಾರ್ಮು ತುಂಬುವುದು, ಇವೂ ನಡೆಯುತ್ತವೆ. ಇದು ಕಥೆಗೆ ಬೇಕಾಗಿಲ್ಲ, ಆದರೂ ಹೇಳಿದೆ. ನೀರು ಕೇಳಿದರೆ ಬಾವಿ ತೋಡಿದ ದಿನದಿಂದ ಶುರು ಮಾಡುವ ಮನುಷ್ಯ ಎಂದು ನನ್ನ ಹೆಂಡತಿ ನನ್ನ ಬಗ್ಗೆ ಹೇಳುತ್ತಾಳೆ. ಅದು ಸುಳ್ಳಲ್ಲ.

ಕೇಬಲ್ಲಿನ ವಿಷಯದಲ್ಲಿ ನಮ್ಮ ಕಡೆ ನಗೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ವಾಯರು ಅಂದರೆ ವಾಯರು, ತೂತಿಗೆ ಹೋದರೆ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಹೊರಗಿನಿಂದ ಕಂಪ್ಯೂಟರಿಗೆ ಜೋಡಿಸುವ ಹಾರ್ಡ್ ಡಿಸ್ಕು ಇರುತ್ತದಲ್ಲ, ಅಂಗೈಯಷ್ಟು ಕಪ್ಪು ಡಬ್ಬಿ, ಅದಕ್ಕೆ ತನ್ನದೇ ವಾಯರು ಬೇಕು. ಅದನ್ನು ಹುಡುಕುತ್ತ ನಾನು ಮತ್ತು ಒಬ್ಬ ಹಿರಿಯರು ಒಂದು ವಾರ ತಿರುಗಿದೆವು. ಆ ವಾರದಲ್ಲಿ ನಡೆದದ್ದಷ್ಟನ್ನೇ ಬರೆಯುತ್ತೇನೆ. ನಗು ಬಂದರೆ ಅದು ಅವರೆಲ್ಲರ ಗುಣ, ಬಾರದಿದ್ದರೆ ನನ್ನ ತಪ್ಪು.

೧. ಬಾಯಿ ನೋಡಿದ್ದು

ಮಂಗಳವಾರ ಮುಂಜಾನೆ ತಿಕೋಂಡಿಯಿಂದ ಕಾಕಾ ಬಂದರು. ನಮ್ಮ ತಂದೆಯ ಗೆಳೆಯರು, ಹಾಗಾಗಿ ನನಗೆ ಕಾಕಾ. ಕುರಿ ಸಾಕುವವರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಿಳಿ ವಸ್ತ್ರದ ಗಂಟು. ಗಂಟು ಬಿಚ್ಚಿದರೆ ಒಳಗೆ ಹಾರ್ಡ್ ಡಿಸ್ಕು, ಅದರ ಮೈತುಂಬ ಭಂಡಾರ. ದೇವರಿಗೆ ಏರಿಸುವ ಅರಿಷಿಣ ಪುಡಿಗೆ ನಮ್ಮಲ್ಲಿ ಭಂಡಾರ ಅನ್ನುತ್ತಾರೆ.

"ಕಾಕಾ, ಇದಕ್ಯಾಕ ಭಂಡಾರ ಹಚ್ಚೀರಿ?"

"ಒಳಗ ಸರದಾರ ಅದಾನ, ತಮ್ಮಾ."

ಸರದಾರ ಅಂದರೆ ಕಾಕಾನ ಹಳೆಯ ಟಗರು. ಮಾಡಗ್ಯಾಳ ತಳಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಒಂದು ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂಥ ಕಪ್ಪು ಬಳೆ. ಜತ್ತದಿಂದ ವಿಜಯಪುರದವರೆಗೆ ಅದನ್ನು ಕಾಣದ ಕುರಿಯವರಿಲ್ಲ. ಅದು ಸತ್ತು ಎರಡು ವರ್ಷವಾಯಿತು. ಈಗ ಮನೆಯಲ್ಲಿರುವ ಟಗರು ಸರದಾರನ ಮಗ ಎಂದು ಕಾಕಾ ಹೇಳುತ್ತ ಬಂದಿದ್ದಾರೆ. ಪಕ್ಕದ ದೊಡ್ಡಿಯವನು, ಅಲ್ಲ, ಅದು ನನ್ನ ಟಗರಿನ ಮಗ, ಬೇಲಿ ಹಾರಿ ಹೋಗಿತ್ತು ಅನ್ನುತ್ತಾನೆ. ಇಷ್ಟು ದಿನ ಅದು ಊರೊಳಗೆ ನಗುವ ಚಾಷ್ಟಿಯ ಮಾತಾಗಿತ್ತು. ಕಳೆದ ಸಂತೆಯಲ್ಲಿ ಇಂಡಿ ಕಡೆಯ ಒಬ್ಬರು ಟಗರನ್ನು ಕೊಳ್ಳಲು ಬಂದು, ಎಲ್ಲರೆದುರು, "ಸರದಾರನ ಮಗ ಅನ್ನಾಕ ಆಧಾರ ಏನೈತಿ?" ಎಂದು ಕೇಳಿದರಂತೆ. ಪಕ್ಕದ ದೊಡ್ಡಿಯವನು ಅಲ್ಲೇ ನಿಂತಿದ್ದ. "ಆಧಾರ ನನ್ನ ದೊಡ್ಡ್ಯಾಗ ಕಟ್ಟೇತಿ, ಬಂದು ನೋಡ್ರಿ" ಅಂದ. ಇಡೀ ಸಂತೆ ನಕ್ಕಿತು.

"ಮೂವತ್ತು ವರ್ಷ ಆತು ತಮ್ಮಾ, ಸುಳ್ಳ ಹೇಳಿ ಒಂದು ಮರಿ ಮಾರಿಲ್ಲ" ಅಂದರು ಕಾಕಾ. "ಟಗರು ಮಾರಲಿ, ಬಿಡಲಿ. ನನ್ನ ಮಾತು ಸಂತ್ಯಾಗ ಬಿದ್ದೈತಿ. ಅದನ್ನ ಎತ್ತಬೇಕು. ಬರೋ ಸೋಮವಾರ ಆ ಇಂಡಿ ಪಾವಣೇರು ಮನಿಗೆ ಬರತಾರ. ಖರೆ ಇದ್ರ ತೋರಸು ಅಂದಾರ."

ಆಧಾರ ಈ ಡಬ್ಬಿಯಲ್ಲಿತ್ತು. ಕಾಕಾನ ಮಗಳ ಮದುವೆ ಅವರ ದೊಡ್ಡಿಯ ಮುಂದಿನ ಬಯಲಲ್ಲೇ ನಡೆದಿತ್ತು. ಆವತ್ತು ಸರದಾರ ಹಗ್ಗ ಬಿಚ್ಚಿಕೊಂಡು ಕುರಿಗಳ ಹಿಂಡಿಗೆ ನುಗ್ಗಿದ್ದನ್ನು ಕಾಕಾ ಕಣ್ಣಾರೆ ಕಂಡಿದ್ದರು. ಮಗಳ ತಲೆಗೆ ಅಕ್ಷತೆ ಹಾಕುವ ಹೊತ್ತಲ್ಲಿ ಟಗರಿನ ಹಿಂದೆ ಓಡಲು ಆಗುತ್ತದೆಯೇ? ಸುಮ್ಮನಿದ್ದರು. ವಿಡಿಯೋವನ್ನು ಅವರು ಒಮ್ಮೆಯೂ ಕುಳಿತು ನೋಡಿರಲಿಲ್ಲ, ಆದರೆ ಅದರಲ್ಲಿ ಆ ದೃಶ್ಯ ಬಿದ್ದೇ ಇರಬೇಕು ಎಂಬುದು ಅವರ ನಂಬಿಕೆ. ಮದುವೆಯ ವಿಡಿಯೋ ತೆಗೆದವನು, ನಮ್ಮೂರವರೆಲ್ಲ ಮಾಮು ಎನ್ನುವವನು, ಅಂಗಡಿ ಬದಲಿಸುವಾಗ ಡಿಸ್ಕನ್ನೇ ಕಾಕಾನ ಕೈಗೆ ಕೊಟ್ಟುಬಿಟ್ಟಿದ್ದ. ಅದರ ವಾಯರು ಮಾತ್ರ ಆಮೇಲೆ ಮನೆಯಲ್ಲಿ ಎಲ್ಲೋ ಕಳೆದಿತ್ತು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಭಂಡಾರ ಕೊಡವಿ, ಡಿಸ್ಕಿನ ಬಾಯಿ ನೋಡಿದೆ. ಬಾಯಿ ಅಂದರೆ ವಾಯರು ಹೋಗುವ ಜಾಗ. ಕೇಬಲ್ ಆರಿಸುವವರು ಮೊದಲು ಅದನ್ನೇ ನೋಡಬೇಕು. ಇದರದು ಅಗಲವಾದ ಚಪ್ಪಟೆ ಬಾಯಿ, ನಡುವೆ ಗೋಡೆ ಹಾಕಿ ಎರಡು ಕೋಣೆ ಮಾಡಿದಂತೆ. ಒಳಗೆ ಸಣ್ಣ ಸಣ್ಣ ಹಿತ್ತಾಳೆಯ ಪಟ್ಟಿಗಳು.

ನಾನು ಬ್ಯಾಟರಿ ದೀಪ ಹಿಡಿದು ಬಾಯೊಳಗೆ ಇಣುಕುವುದನ್ನು ಕಾಕಾ ಮೆಚ್ಚುಗೆಯಿಂದ ನೋಡಿದರು. ಅವರೂ ಕುರಿ ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುವವರು. ಎರಡು ಹಲ್ಲಿನದು ಎಳೆಯದು, ನಾಲ್ಕರದು ಹರೆಯದ್ದು, ಎಂಟಾದರೆ ಬಾಯಿ ಕೂಡಿತು, ಅಂದರೆ ವಯಸ್ಸು ತುಂಬಿತು.

"ಎಷ್ಟ ಹಲ್ಲು?" ಅಂದರು.

ನಾನು ಪಟ್ಟಿಗಳನ್ನು ಎಣಿಸಿದೆ. "ಈ ಕಡೆ ಐದು, ಆ ಕಡೆ ಐದು. ಹತ್ತು ಕಾಕಾ."

ಕಾಕಾನ ಮುಖ ಬಾಡಿತು. "ಹತ್ತು? ಎಂಟಕ್ಕ ಬಾಯಿ ಕೂಡತೈತಿ. ಹತ್ತಂದ್ರ ಮುಪ್ಪಾಗೇತಿ. ಸೋಮವಾರ ತನಕ ತಡಿತೈತಿಲ್ಲೋ ನೋಡು."

೨. ಮಾಮುವಿನ ಎಣ್ಣೆ ಡಬ್ಬಿ

ನನ್ನ ಅಂಗಡಿಯಲ್ಲಿ ಅಗಲ ಬಾಯಿಯ ಕೇಬಲ್ ಇರಲಿಲ್ಲ. ಕಂಪ್ಯೂಟರ್ ಅಂಗಡಿಯವನ ಬಳಿಯೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಈಗ ಬರುವ ಡಿಸ್ಕುಗಳ ಬಾಯಿ ಮೊಟ್ಟೆಯಂತೆ ಗುಂಡಗೆ ಆಗಿದೆ, ಅವುಗಳ ಕೇಬಲ್ಲೇ ಎಲ್ಲ ಕಡೆ. ಸರಿ, ಕೊಟ್ಟವನನ್ನೇ ಕೇಳೋಣ ಎಂದು ಮಾಮುವಿನ ಬಳಿ ಹೋದೆವು.

ಮಾಮು ಈಗ ಮದುವೆ ವಿಡಿಯೋ ಬಿಟ್ಟು ಮೊಬೈಲ್ ಕವರು ಮಾರುತ್ತಾನೆ. ಹದಿನೈದು ಕಿಲೋ ಎಣ್ಣೆ ಡಬ್ಬಿಯನ್ನು ಎಳೆದು ನಮ್ಮೆದುರು ಸುರಿದ. ಹಾವಾಡಿಗನ ಬುಟ್ಟಿ ಮಗುಚಿದಂತಾಯಿತು.

"ಸಬ್ ಏಕಚ್ ಹೈ ಭಾಯಿ. ಯಾವುದರ ಹಚ್ಚು, ನಡೀತೈತಿ" ಅಂದ.

"ಬಾಯಿ ಅಗಲ ಐತಿ ಮಾಮು."

"ಅರ್ಧ ಬಾಯಿಗೆ ಹೋದ್ರೂ ಸಾಕು." ಹಳೆಯ ಫೋನಿನ ಚಾರ್ಜರ್ ವಾಯರನ್ನು ತೆಗೆದು, ಎರಡು ಕೋಣೆಗಳಲ್ಲಿ ದೊಡ್ಡ ಕೋಣೆಗೆ ತುರುಕಿದ. ಅದು ನಿಜವಾಗಿಯೂ ಹೋಯಿತು!

ಇಲ್ಲಿ ನ್ಯಾಯವಾಗಿ ಹೇಳಬೇಕು, ಮಾಮು ಪೂರ್ತಿ ತಪ್ಪಲ್ಲ. ಅಗಲ ಬಾಯಿಯ ಅರ್ಧಕ್ಕೆ ಹಳೆಯ ಫೋನಿನ ವಾಯರು ಕೂಡುತ್ತದೆ, ನಿಧಾನವಾದರೂ ಕೆಲಸ ಆಗುತ್ತದೆ. ಆದರೆ ವಾಯರಿನ ಒಳಗೆ ನಾಲ್ಕು ಎಳೆ ಇರಬೇಕು. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಅಗ್ಗದ ಚಾರ್ಜರ್ ವಾಯರು ಮಾಡುವವರು ಕೊನೆಯ ಎರಡನ್ನು ಉಳಿಸಿಬಿಡುತ್ತಾರೆ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಎರಡನೆಯದಾಗಿ ನೋಡಬೇಕಾದದ್ದು ಅದನ್ನೇ.

ಡಿಸ್ಕಿನ ದೀಪ ಹತ್ತಿತು. ಒಳಗೆ ಗುಂಯ್ ಎಂದು ಏನೋ ತಿರುಗಿತು. ಕಾಕಾ ಎರಡೂ ಕೈ ಎತ್ತಿ ಮುಗಿದರು. ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣಲಿಲ್ಲ. ಮತ್ತೊಂದು ವಾಯರು ಹಾಕಿದೆವು. ದೀಪ ಹತ್ತಿತು, ಏನೂ ಕಾಣಲಿಲ್ಲ. ಹೀಗೆ ಒಂಬತ್ತು.

ಕಾಕಾ ಡಿಸ್ಕಿಗೆ ಕಿವಿ ಹಚ್ಚಿ ಕೇಳಿ, "ತಿಳೀತು ತಮ್ಮಾ. ಇದು ಮೇಯತೈತಿ, ಆದರ ಒದರಂಗಿಲ್ಲ" ಅಂದರು.

ಮಾಮು ವಾಯರುಗಳನ್ನೆಲ್ಲ ಡಬ್ಬಿಗೆ ತುಂಬುತ್ತ ನಿಟ್ಟುಸಿರು ಬಿಟ್ಟ. "ನಮ್ಮ ಅಳ್ಯಾನ ಥರಾನ ಐತಿ ಹಂಗಾದ್ರ."

೩. ಗೋಡೆಯ ಕಿಂಡಿ

ಆಗ ನನಗೆ ನೆನಪಾಯಿತು, ನಮ್ಮ ಉಮದಿಯಲ್ಲೇ ಅಣ್ಣತಮ್ಮಂದಿರ ಒಂದು ಮನೆಯಲ್ಲಿ ಇಂಥದೇ ಅಗಲ ಬಾಯಿಯ ಡಿಸ್ಕು ಇದೆ. ಅವರ ಕೇಬಲ್ಲನ್ನು ಒಂದು ತಾಸಿಗೆ ಕೇಳಿ ತರೋಣ ಎಂದು ಗುರುವಾರ ಹೋದೆವು.

ಎರಡು ವರ್ಷದ ಹಿಂದೆ ಆ ಮನೆ ವಾಟಣಿಯಾಗಿದೆ. ಅಂದರೆ ಪಾಲು. ಪಡಸಾಲೆಯ ನಡುವೆ ಗೋಡೆ ಎದ್ದಿದೆ. ಹೊಲ ಹಂಚಿಕೊಂಡರು, ಬಾವಿಯ ನೀರಿಗೆ ಪಾಳಿ ಹಚ್ಚಿಕೊಂಡರು. ಮನೆಯವರೆಲ್ಲ ಕೂಡಿದ್ದಾಗಿನ ಫೋಟೋಗಳಿದ್ದ ಡಿಸ್ಕನ್ನು ಹಂಚುವುದು ಹೇಗೆ ಎಂದು ಯಾರಿಗೂ ತಿಳಿದಿರಲಿಲ್ಲ. ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟು, ಡಿಸ್ಕನ್ನು ಅದರೊಳಗೆ ಇಟ್ಟಿದ್ದರು.

ಅದರ ಕೇಬಲ್ ನೋಡಿ ನಾನು ಅಲ್ಲೇ ಕುಳಿತೆ. ಅದಕ್ಕೆ ಎರಡು ಬಾಲ. ಇಂಥ ಕೇಬಲ್ ಇರುತ್ತದೆ. ಕೆಲವು ಕಂಪ್ಯೂಟರುಗಳ ಒಂದು ತೂತು ಡಿಸ್ಕನ್ನು ತಿರುಗಿಸುವಷ್ಟು ಕರೆಂಟು ಕೊಡುವುದಿಲ್ಲ, ಅದಕ್ಕೆ ಎರಡು ತೂತಿನಿಂದ ಎಳೆದುಕೊಳ್ಳಲಿ ಎಂದು ಎರಡು ಬಾಲ ಇಡುತ್ತಾರೆ. ಎರಡೂ ಒಂದೇ ಕಂಪ್ಯೂಟರಿಗೆ ಹೋಗಬೇಕು. ಇವರು ಒಂದು ಬಾಲವನ್ನು ಗೋಡೆಯ ಈಚೆ ಅಣ್ಣನ ಕಂಪ್ಯೂಟರಿಗೆ, ಇನ್ನೊಂದನ್ನು ಆಚೆ ತಮ್ಮನ ಕಂಪ್ಯೂಟರಿಗೆ ಹಾಕಿಕೊಂಡಿದ್ದರು. ಆಚೆ ಹೋದ ಬಾಲದಲ್ಲಿ ಕರೆಂಟಿನ ಎಳೆ ಬಿಟ್ಟರೆ ಬೇರೆ ಏನೂ ಇರುವುದಿಲ್ಲ.

"ಫೋಟೋ ನೋಡತೀರಿಲ್ಲೋ?" ಎಂದು ಅಣ್ಣನನ್ನು ಕೇಳಿದೆ.

"ಬೇಕಾದಾಗ ನೋಡತೀವಿ. ಚಲೋ ಕಾಣತಾವ."

ಆಚೆ ಹೋಗಿ ತಮ್ಮನನ್ನು ಕೇಳಿದೆ.

"ಇನ್ನಾ ನಮ್ಮ ಪಾಳಿ ಬಂದಿಲ್ಲರಿ" ಅಂದ.

"ಎರಡು ವರ್ಷ ಆತಲ್ಲೋ?"

"ಅಣ್ಣ ನೋಡಾಕತ್ತಿರಬೇಕು ಅಂತ ಸುಮ್ಮನದೇನ್ರಿ. ಹಿರ್ಯಾ ಅಂವ. ನಾವು ಕಂಪ್ಯೂಟರ್ ಚಾಲೂ ಇಟ್ಟಿರತೀವಿ, ಅಂವ ಬಿಟ್ಟಾಗ ಬರತಾವ ಅಂತ."

ಈ ಮಾತು ಕೇಳಿ ನನಗೆ ನಗು ಬರಲಿಲ್ಲ. ಎರಡು ವರ್ಷ ಒಬ್ಬ ಮನುಷ್ಯ ಬೈಯದೆ, ಜಗಳ ತೆಗೆಯದೆ, ಗೋಡೆಯ ಆಚೆ ಅಣ್ಣ ಹಳೆಯ ಫೋಟೋಗಳನ್ನೇ ನೋಡುತ್ತ ಕುಳಿತಿದ್ದಾನೆ ಎಂದು ತಿಳಿದು ಕಾದಿದ್ದ. ಆದರೂ ವಿಷಯ ಬಿಡಿಸಿ ಹೇಳಬೇಕಾಯಿತು. ನನ್ನ ಸ್ವಭಾವ ಅದು. ಎಳೆಗಳ ಲೆಕ್ಕ, ಬಾಲಗಳ ಭೇದ, ಎಲ್ಲ ಹೇಳಿದೆ.

ತಮ್ಮ ನಿಧಾನವಾಗಿ ಎದ್ದು ಕಿಂಡಿಗೆ ಬಾಯಿಟ್ಟ. "ಯಣ್ಣಾ! ಎರಡು ವರ್ಷ ನೀರು ನಿನ್ನ ಹೊಲಕ್ಕ ಹೋಗೇತಿ, ಮೋಟಾರು ನಂದು ಓಡೇತಿ!"

ಆಚೆಯಿಂದ ಅಣ್ಣನ ದನಿ ಬಂತು. "ಕೆಡಸಬ್ಯಾಡ, ಹಂಗ ಓಡಲಿ ಬಿಡು. ಬೇಕಾದ್ರ ಈ ಕಡೆ ಬಂದು ನೋಡು, ನಾನೇನು ಬಾಗಲಾ ಹಾಕೇನೇನು?"

ತಮ್ಮ ಆ ಕಡೆ ಹೋದ. ಹಿಂದೆಯೇ ಅವನ ಹೆಂಡತಿ, ಮಕ್ಕಳು. ಫೋಟೋಗಳು ಒಂದೊಂದಾಗಿ ತೆರೆದವು. ಕೇಬಲ್ ಕೇಳಲು ನಮಗೆ ಬಾಯಿ ಬರಲಿಲ್ಲ. ಹೊರಗೆ ಬಂದಾಗ ಕಾಕಾ ತಲೆ ಅಲ್ಲಾಡಿಸಿದರು. "ಮೂವತ್ತು ವರ್ಷದಾಗ ಭಾಳ ಪಾಲು ನೋಡೇನಿ. ಒಬ್ಬಗ ಹಾಲು ಹಿಂಡಾಕ, ಇನ್ನೊಬ್ಬಗ ಹುಲ್ಲು ಹಾಕಾಕ ಅಂತ ಕುರಿ ಹಂಚಿದ್ದು ಇದ ಮೊದಲ ನೋಡ್ದೆ."

೪. ವಿಜಯಪುರದ ಅಂಗಡಿ

ಶನಿವಾರ ಮುಂಜಾನೆಯ ಬಸ್ಸಿಗೆ ವಿಜಯಪುರಕ್ಕೆ ಹೋದೆವು. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಅಗಲ ಬಾಯಿಯ ಕೇಬಲ್ ಸಿಕ್ಕಿತು. ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ, ದಪ್ಪ ಮೈ, ಕಂಪ್ಯೂಟರಿಗೆ ಹೋಗುವ ತುದಿಯೊಳಗೆ ನೀಲಿ ನಾಲಿಗೆ. ನೀಲಿ ಇದ್ದರೆ ವೇಗದ್ದು ಎಂದು ತಿಳಿಯಬೇಕು.

ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಗ್ಗ ನೋಡುವಂತೆ ಜಗ್ಗಿದರು. ಅಂಗಡಿಯವರು ಗಾಬರಿಯಿಂದ ಕೈ ಚಾಚಿದರು. "ಯಜಮಾನ್ರ, ಜಗ್ಗಬ್ಯಾಡ್ರಿ! ಇದರ ತಾಕತ್ತು ಬ್ಯಾರೆ ಐತಿ. ಮೂರು ತಾಸಿನ ಪಿಚ್ಚರು ಅರ್ಧ ನಿಮಿಷದಾಗ ಈ ಕಡಿಂದ ಆ ಕಡೆ ಹೋಗತೈತಿ."

ಕಾಕಾಗೆ ಅವರ ಬಗ್ಗೆ ಕನಿಕರ ಬಂತು. "ಅಷ್ಟು ಲಗೂನ ಮುಗಿಸಿ, ಉಳಿದ ಹೊತ್ತು ಏನ ಮಾಡತೀರಿ?"

೫. ಸೋಮವಾರ

ಸೋಮವಾರ ನಾನು ಲ್ಯಾಪ್‌ಟಾಪು ತೆಗೆದುಕೊಂಡು ತಿಕೋಂಡಿಗೆ ಹೋದೆ. ಇಂಡಿ ಕಡೆಯ ಪಾವಣೇರು, ಅಂದರೆ ಟಗರು ಕೊಳ್ಳಲು ಬಂದ ಅತಿಥಿ, ಆಗಲೇ ಬಂದು ತಲೆಗೆ ಗುಂಡಗೆ ಸುತ್ತಿದ ಪಟಗಾ ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಕುಳಿತಿದ್ದರು. ಓಣಿಯ ಹಿರಿಯರು ನಾಲ್ಕೈದು ಮಂದಿ. ಪಕ್ಕದ ದೊಡ್ಡಿಯವನೂ ಬಂದಿದ್ದ, ನಗುತ್ತಲೇ ಬಂದಿದ್ದ. ಕಾಕು, ಅಂದರೆ ಕಾಕಾನ ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ಹೆಂಗಸರ ಜೊತೆ ನಿಂತಿದ್ದರು. ಅಂಗಳದಲ್ಲಿ ಆ ಟಗರು ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೇವು ತಿನ್ನುತ್ತಿತ್ತು.

ಡಿಸ್ಕು ಕೇಳಿದೆ. ಅದು ದೇವರ ಜಗಲಿಯ ಮೇಲೆ ಇತ್ತು. ಹೊಸ ಭಂಡಾರ, ಒಂದು ಹೂವು.

"ಕೆಳಗ ಕೊಡ್ರಿ ಕಾಕಾ, ಜೋಡಸತೀನಿ."

"ಸರದಾರನ್ನ ಕೆಳಗ ಇಡಬ್ಯಾಡ ತಮ್ಮಾ. ಅಲ್ಲೇ ಇರಲಿ. ವಾಯರು ಮ್ಯಾಲಕ್ಕ ಹೋಗಲಿ."

ಜಗಲಿಯಿಂದ ಮಂದಿ ಕುಳಿತ ಜಾಗಕ್ಕೆ ಎಂಟು ಮೊಳ ಆಗುತ್ತಿತ್ತು. ನನ್ನ ಚೀಲದಲ್ಲಿ ಒಂದು ಉದ್ದನೆಯ ಜೋಡು ವಾಯರು ಇತ್ತು, ಕೇಬಲ್ಲನ್ನು ಉದ್ದ ಮಾಡಲು ನಡುವೆ ಹಾಕುವಂಥದ್ದು. ಅದು ತೆಳ್ಳಗಿನದು, ಇಂಥ ಡಿಸ್ಕಿಗೆ ಅದನ್ನು ಹಾಕಬಾರದು ಎಂದು ನನಗೆ ಗೊತ್ತಿತ್ತು. ಕೇಬಲ್ ಆರಿಸುವಾಗ ಮೂರನೆಯದಾಗಿ ನೋಡಬೇಕಾದದ್ದು ಉದ್ದವನ್ನೇ. ಆದರೆ ಅಷ್ಟು ಮಂದಿಯ ಎದುರು ಹಿರಿಯರ ಮಾತು ಮೀರಲು ಧೈರ್ಯ ಸಾಲಲಿಲ್ಲ. ಹಾಕಿದೆ. ಇದು ನನ್ನ ತಪ್ಪು.

ದೀಪ ಹತ್ತಿತು. ಎಲ್ಲರೂ ಲ್ಯಾಪ್‌ಟಾಪು ನೋಡಿದರು. ಏನೂ ಬರಲಿಲ್ಲ. ಪಕ್ಕದ ದೊಡ್ಡಿಯವ ಕೆಮ್ಮಿದ. ಪಾವಣೇರು ಹೊರಡುವವರಂತೆ ಪಟಗಾದ ಮೇಲೆ ಕೈ ಇಟ್ಟರು. ಕಾಕಾಗೆ ತಡೆಯಲಾಗಲಿಲ್ಲ. ಜಗಲಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು.

"ದೇವರಾಣಿ ಹೇಳತೇನಿ, ಅಂಗಳದಾಗ ನಿಂತದ್ದು ಸರದಾರನ ಮಗಾನ."

ಜಗಲಿಯ ಮೇಲಿನಿಂದ ಸದ್ದು ಬಂತು. ಲೊಚ್. ಲೊಚ್. ಲೊಚ್.

ನಮ್ಮಲ್ಲಿ ಒಂದು ರೂಢಿ ಇದೆ. ಯಾರಾದರೂ ಮಾತಾಡಿದ ಕೂಡಲೆ ಗೋಡೆಯ ಮೇಲೆ ಹಲ್ಲಿ ನುಡಿದರೆ ಆ ಮಾತು ಖರೆ. ಕೇಳಿದವರು ನೆಲಕ್ಕೆ ಬೆರಳಿನಿಂದ ತಟ್ಟಬೇಕು. ಪಾವಣೇರು ಪಟಗಾ ಬಿಟ್ಟು ನೆಲ ತಟ್ಟಿದರು. "ಖರೆ, ಖರೆ." ಹಿರಿಯರೆಲ್ಲ ತಟ್ಟಿದರು. ಬಾಗಿಲಲ್ಲಿ ಹೆಂಗಸರು ಹೊಸ್ತಿಲು ತಟ್ಟಿದರು. ಪಕ್ಕದ ದೊಡ್ಡಿಯವನ ಬೆರಳೂ ಅವನನ್ನು ಕೇಳದೆ ನೆಲಕ್ಕೆ ಹೋಯಿತು.

ಅವನು ಕೂಡಲೆ ಕೈ ಹಿಂದೆಗೆದುಕೊಂಡು, "ಮತ್ತ ನನ್ನ ಟಗರು ಬೇಲಿ ಹಾರಿ ಹೋಗಿತ್ತಲ್ಲ, ಅದೂ ಖರೇನ!" ಅಂದ.

ಎಲ್ಲರೂ ಜಗಲಿ ನೋಡಿದರು. ಇಂಥ ಡಿಸ್ಕು ಮೂರು ಸಲ ಒದ್ದಾಡಿ ಸುಮ್ಮನಾಗುತ್ತದೆ. ಸುಮ್ಮನಾಗಿತ್ತು.

"ನುಡೀಲಿಲ್ಲ" ಅಂದರು ಪಾವಣೇರು.

ಈ ಹೊತ್ತಿಗೆ ನಾನು, ರಿಪೇರಿಯವರೆಲ್ಲ ಮಾಡುವಂತೆ, ವಾಯರು ಕಿತ್ತು ಮತ್ತೆ ಚುಚ್ಚುತ್ತಿದ್ದೆ. ಅದೇ ಹೊತ್ತಿಗೆ ಪಾವಣೇರು ಕಣ್ಣು ಮುಚ್ಚಿ, "ನಮ್ಮ ದೊಡ್ಡ್ಯಾಗ ಇದು ಬಾಳತೈತೇನು?" ಅಂದರು.

ಲೊಚ್. ಲೊಚ್. ಲೊಚ್.

ಮನೆ ತುಂಬ ನೆಲ ತಟ್ಟಿದ ಸದ್ದು. ಕಾಕಾನ ಮುಖ ನೋಡಿದೆ. ವಾರದಿಂದ ಕಾಣದ ಬೆಳಕು ಅದರ ಮೇಲಿತ್ತು. ನಾನು ಸುಮ್ಮನಿದ್ದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಒಂದು ಮರಿ ಮಾರಿಲ್ಲ ಎಂದ ಮನುಷ್ಯನ ಮಾತನ್ನು ನನ್ನ ತೆಳ್ಳಗಿನ ವಾಯರು ಎತ್ತಿ ಹಿಡಿಯುವುದೇ? ನಾಳೆ ಯಾರಾದರೂ ತಿಳಿದವರು ಇದು ಹಲ್ಲಿಯಲ್ಲ ಎಂದರೆ ಆ ಮಾತು ಎರಡನೆಯ ಸಲ ಬೀಳುತ್ತದೆ.

"ಅದು ಹಲ್ಲಿ ಅಲ್ಲರಿ" ಅಂದೆ. "ಡಿಸ್ಕು. ವಾಯರು ಉದ್ದಾಗಿ ಕರೆಂಟು ಸಾಲವಲ್ದು. ಅದಕ್ಕ ಹಂಗ ಸಪ್ಪಳಾ ಮಾಡತೈತಿ."

ಕಾಕಾ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಪಕ್ಕದ ದೊಡ್ಡಿಯವನ ನಗು ವಾಪಸ್ಸು ಬಂತು.

ನಾನು ಎದ್ದು ಕಾಕಾನ ಬಳಿ ಹೋದೆ. "ಕಾಕಾ, ಒಂದ ಸಲ ಸರದಾರನ್ನ ಕೆಳಗ ತಗೋಳೂಣು. ಗಿಡ್ಡ ವಾಯರು ಹಚ್ಚತೀನಿ. ನಿಮ್ಮ ಮಾತು ಖರೆ ಇದ್ರ ಅದಕ್ಕ ಹಲ್ಲಿ ಯಾಕ ಬೇಕು?"

ಕಾಕಾ ಹೆಗಲ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದರು. ಡಿಸ್ಕನ್ನು ಎರಡೂ ಕೈಯಿಂದ ಇಳಿಸಿ ಅದರ ಮೇಲೆ ಇಟ್ಟರು. "ಹಚ್ಚು" ಅಂದರು.

ಉದ್ದ ವಾಯರು ತೆಗೆದು, ವಿಜಯಪುರದ ಗಿಡ್ಡ ಕೇಬಲ್ ಒಂದನ್ನೇ ಹಾಕಿದೆ. ಲೊಚ್ ಅನ್ನಲಿಲ್ಲ. ಗುಂಯ್ ಅಂದಿತು. ಪರದೆಯ ಮೇಲೆ ಮದುವೆ ತೆರೆಯಿತು.

ಅಯ್ನೋರು ಮಂತ್ರ ಹೇಳುತ್ತಿದ್ದರು. ಮದುಮಕ್ಕಳ ತಲೆ ಮೇಲೆ ಅಕ್ಷತೆ ಬೀಳುತ್ತಿತ್ತು. ಹಿಂದೆ ದೊಡ್ಡಿಯ ಬೇಲಿ. ಬೇಲಿಯ ಆಚೆ, ಮದುಮಗನ ಬಾಸಿಂಗಕ್ಕೂ ಮದುಮಗಳ ಬಾಸಿಂಗಕ್ಕೂ ನಡುವಿನ ಸಂದಿಯಲ್ಲಿ, ಕಣ್ಣಿಗೆ ಕಪ್ಪು ಬಳೆಯ ಸರದಾರ. ಅವನ ಜೊತೆ ಒಂದೇ ಕಿವಿಯ ಕುರಿ, ಈ ಟಗರಿನ ತಾಯಿ. ಅಯ್ನೋರು ಇತ್ತ ಶುಭಮಂಗಲ ಸಾವಧಾನ, ಸಾವಧಾನ ಎನ್ನುತ್ತಿದ್ದರು. ಸರದಾರನಿಗೆ ಮಾತ್ರ ಸಾವಧಾನ ಇರಲಿಲ್ಲ.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಒಳಗಿನಿಂದ ಕಾಕುವಿನ ದನಿ ಬಂತು. "ಅಯ್ಯ ಶಿವನ! ಈ ವಿಡಿಯೋ ಬೀಗರಿಗೆ ಎರಡು ಸಲ ತೋರಿಸೇವಿ!"

"ಅದರ ಮರುದಿನಾನ ಆ ಕುರಿನ ಮಗಳ ಜೋಡಿ ಅವರೂರಿಗೆ ಕಳಿಸಿದ್ದೆ" ಅಂದರು ಕಾಕಾ. "ಬರೋಬರಿ ಐದು ತಿಂಗಳಿಗೆ ದಿನ ತುಂಬಿ ಅಲ್ಲೇ ಈಯ್ತು, ಮರೀನ ಆಮ್ಯಾಲೆ ಇಲ್ಲಿಗೆ ತಂದೆ. ಆ ಊರಾಗ ಯಾರ ಬೇಲಿ ಹಾರಿ ಯಾರ ಟಗರು ಹೋಗತೈತಿ ಹೇಳ್ರಿ."

ಪಕ್ಕದ ದೊಡ್ಡಿಯವ ಪರದೆಯ ಹತ್ತಿರ ಬಗ್ಗಿ ಕಣ್ಣಿನ ಬಳೆಯನ್ನು ನೋಡಿದ. ಮತ್ತೆ ನೋಡಿದ. ನೆಟ್ಟಗಾಗಿ, "ಸರದಾರನ. ನಾ ಅಂದದ್ದು ತಪ್ಪು" ಅಂದ. ಕಾಕಾನ ಕೈಗೆ ತನ್ನ ಎಲೆ ಅಡಿಕೆಯ ಚಂಚಿ ಕೊಟ್ಟ. ಕಾಕಾ ಎಲೆ ತೆಗೆದುಕೊಂಡರು. ಅಲ್ಲಿಗೆ ಅದು ಮುಗಿಯಿತು.

ನಾನು ಹೆಮ್ಮೆಯಿಂದ ಪಾವಣೇರ ಕಡೆ ತಿರುಗಿದೆ. ಅವರು ವಿಡಿಯೋ ನೋಡುತ್ತಲೇ ಇರಲಿಲ್ಲ. ಜಗಲಿ ನೋಡುತ್ತಿದ್ದರು.

"ನೋಡಿದ್ರೆಲ್ಲರಿ?" ಅಂದೆ.

"ವಿಡಿಯೋದ ಮಾತು ಬಿಡ್ರಿ" ಅಂದರು. "ಈಗ ಫೋನಿನ್ಯಾಗ ಹುಲಿಗೆ ಧೋತರಾ ಉಡಿಸಿ ಕುಣಸತಾರ. ನಮ್ಮ ಮೊಮ್ಮಗ ನಾ ವಿಮಾನ ನಡಸೂದು ತೋರಿಸ್ಯಾನ. ನಾ ಟಗರು ತಗೊಂಡದ್ದು ವಿಡಿಯೋ ನೋಡಿ ಅಲ್ಲ. ಆಗಲೇ ತಗೊಂಡೇನಿ, ಮ್ಯಾಲಿಂದ ನುಡದಾಗ."

"ಅದು ಹಲ್ಲಿ ಅಲ್ಲ ಅಂತ ಹೇಳಿದ್ನೆಲ್ಲರಿ!"

"ಹಲ್ಲಿ ಅಲ್ಲ ಅಂದ್ರಿ. ಸುಳ್ಳ ನುಡೀತು ಅಂತ ಹೇಳಲಿಲ್ಲ. ಖರೆ ಮಾತಿಗೆ ನುಡೀತು, ಸುಳ್ಳ ಮಾತಿಗೆ ಸುಮ್ಮನಾತು. ಹಲ್ಲೀನೂ ಇಷ್ಟು ಬರೋಬರಿ ನುಡಿಯಂಗಿಲ್ಲ."

ಕಾಕಾನನ್ನು ನೋಡಿದೆ. ಅವರು ಎಲೆ ಅಗಿಯುತ್ತ ನನ್ನ ಬೆನ್ನ ಮೇಲೆ ಕೈ ಇಟ್ಟರು. "ಮಾತು ಮನಿಗೆ ಬಂತಲ್ಲ, ತಮ್ಮಾ. ಮುಂದಿನ ಬಾಗಲದಿಂದ ಬಂತೋ, ಹಿತ್ತಲದಿಂದ ಬಂತೋ, ಯಾಕ ನೋಡತಿ?"

ಟಗರನ್ನು ಗಾಡಿಗೆ ಹತ್ತಿಸಿದ ಮೇಲೆ ಪಾವಣೇರು ನನ್ನನ್ನು ಬೇವಿನ ಗಿಡದ ಮರೆಗೆ ಕರೆದರು. ದನಿ ತಗ್ಗಿಸಿ, "ಆ ಉದ್ದ ವಾಯರು ನನಗ ಕೊಡ್ರಿ" ಅಂದರು.

"ಅದು ಸರಿಯಾದ ವಾಯರು ಅಲ್ಲರಿ. ಯಾತಕ್ಕ ಬೇಕು?"

"ನಮ್ಮ ಮನ್ಯಾಗ ಹಲ್ಲಿ ಭಾಳ ಅದಾವರಿ" ಅಂದರು ಬಹಳ ನೊಂದುಕೊಂಡು. "ಆದರ ಒಂದರ ಕೇಳಿದ ಹೊತ್ತಿಗೆ ನುಡೀಬೇಕಲ್ಲ!"

ನಾನು ಕೊಡಲಿಲ್ಲ. ಓದಿದ ನೀವೂ ತಪ್ಪು ತಿಳಿಯಬಾರದು ಎಂದು ಇದೊಂದನ್ನು ಸರಿಯಾಗಿ ಬಿಡಿಸಿ ಹೇಳಿ ಮುಗಿಸುತ್ತೇನೆ. ಡಿಸ್ಕಿನ ಒಳಗೆ ಒಂದು ತಟ್ಟೆ ಇರುತ್ತದೆ, ಅದರ ಮೇಲೆ ಓಡಾಡುವ ಒಂದು ಮುಳ್ಳು. ವಾಯರು ಉದ್ದವಾಗಿ ತೆಳ್ಳಗಿದ್ದರೆ ಕರೆಂಟು ದಾರಿಯಲ್ಲೇ ಸೊರಗುತ್ತದೆ, ತಟ್ಟೆ ಪೂರ್ತಿ ತಿರುಗುವುದಿಲ್ಲ. ಮುಳ್ಳು ಹೊರಡುತ್ತದೆ, ಜಾಗ ಸಿಗದೆ ಮರಳಿ ಬಂದು ತನ್ನ ಗೂಟಕ್ಕೆ ಬಡಿಯುತ್ತದೆ. ಆ ಸದ್ದೇ ಲೊಚ್. ಇದರಲ್ಲಿ ದೇವರದಾಗಲಿ ಹಲ್ಲಿಯದಾಗಲಿ ಏನೂ ಇಲ್ಲ. ಇನ್ನು, ಅದು ಸರಿಯಾಗಿ ಮೂರೇ ಸಲ ಯಾಕೆ ಬಡಿಯುತ್ತದೆ ಅಂದರೆ, ಮೊದಲನೆಯ ಸಲ ಮುಳ್ಳು...

ಒಂದು ನಿಮಿಷ ತಡೆಯಿರಿ, ಅಂಗಡಿಯಿಂದ ಹೆಂಡತಿ ಕೂಗುತ್ತಿದ್ದಾಳೆ.

"ರೀ, ಬರಿಯೂದು ಬಿಟ್ಟು ಲಗೂನ ಬರ್ರಿ! ಇಂಡಿ ಕಡಿಂದ ಒಂದು ಜೀಪು ಮಂದಿ ಬಂದಾರ. ಕೇಳಿದ ಹೊತ್ತಿಗೆ ನುಡಿಯೂ ವಾಯರು ಇಲ್ಲೇ ಸಿಗತೈತೇನು ಅಂತ ಕೇಳಾಕತ್ತಾರ!"